ಮೂರು ಮಕ್ಕಳ ಸಿನಿಮಾದ ನಾಲ್ಕನೆಯ ಮಗು

ನಾನು ಚಾಮರಾಜನಗರದ ಒಂದು ಥಿಯೇಟರಿನಲ್ಲಿ ಹೆಂಗಸರ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುವವಳು. ಈ ಗೇಟಿನಲ್ಲಿ ವಾರಕ್ಕೊಂದಾದರೂ ಎಡವಟ್ಟು ಆಗಲೇಬೇಕು. ಆಗದೆ ಹೋದರೆ ಮನೆಗೆ ಬಂದಮೇಲೂ ಏನೋ ಮರೆತುಬಂದ ಹಾಗೆ ಸೆರಗು, ಚೀಲ ಎಲ್ಲ ತಡಕಾಡುತ್ತೇನೆ. ಅದರಲ್ಲೂ ಮೂರು ಮಕ್ಕಳ ಸಿನಿಮಾ ಬಂತೆಂದರೆ ಮುಗಿಯಿತು, ನನ್ನ ತಲೆ ನನ್ನ ಹತ್ತಿರ ಇರುವುದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಷ್ಟು ವರ್ಷ ಥಿಯೇಟರಿನಲ್ಲಿದ್ದೂ ನಾನು ಒಂದು ಸಿನಿಮಾನೂ ಪೂರ್ತಿ ನೋಡಿದವಳಲ್ಲ. ಟಿಕೆಟ್ ಹರಿದು, ತಡವಾಗಿ ಬಂದ ಹೆಂಗಸರನ್ನು ಟಾರ್ಚ್ ಬಿಟ್ಟು ಕೂರಿಸುವಷ್ಟರಲ್ಲಿ ಮೊದಲ ಹತ್ತು ನಿಮಿಷ ಕಣ್ಣಿಗೆ ಬೀಳುತ್ತದೆ. ಆಮೇಲೆ ಕ್ಯಾಂಟೀನಿಗೆ ಓಡಿ ಇಂಟರ್ವಲ್ಲಿಗೆ ಬೋಂಡ ಕರಿಯಬೇಕು. ಇಂಟರ್ವಲ್ ಆದಮೇಲೆ ಬಾಣಲೆ ತಿಕ್ಕಬೇಕು. ಕೊನೆಗೆ ಬಾಗಿಲು ತೆಗೆಯುವುದಕ್ಕೆ ಮತ್ತೆ ಒಳಗೆ ಹೋದರೆ ಇನ್ನೈದು ನಿಮಿಷ ಸಿಗುತ್ತದೆ. ಹೀಗಾಗಿ ನನಗೆ ಎಲ್ಲ ಸಿನಿಮಾಗಳ ತಲೆ ಗೊತ್ತು, ಬಾಲ ಗೊತ್ತು. ನಡುವಿನ ಕತೆ ಮಾತ್ರ ಯಾರಾದರೂ ಹೇಳಿದರೆ ಉಂಟು. ನನಗೆ ಹೇಳುತ್ತಿದ್ದವಳು ನನ್ನ ಮಗಳು.

ಆನೆ ಎಲ್ಲಿ?

ಆ ಸಿನಿಮಾಕ್ಕೆ ದೊಡ್ಡದೊಂದು ಹೆಸರಿತ್ತು. ನಮ್ಮೂರಲ್ಲಿ ಯಾರ ಬಾಯಿಗೂ ಅದು ಹತ್ತಲಿಲ್ಲ. ಒಬ್ಬಳು ಹುಡುಗಿ, ಒಬ್ಬ ಗುಂಡ, ಒಬ್ಬ ಸಣಕಲ, ಮೂವರು ಮಕ್ಕಳ ಕತೆ. ಅದಕ್ಕೇ ಎಲ್ಲರೂ ಮೂರು ಮಕ್ಕಳ ಸಿನಿಮಾ ಅಂದರು. ಮುಂದೆ ಮೂರೋ ನಾಲ್ಕೋ ಐದೋ ವರ್ಷಕ್ಕೊಂದು ಭಾಗ ಬಂತು. ಪ್ರತಿ ಭಾಗಕ್ಕೂ ಅದೇ ಮಕ್ಕಳು ಅಷ್ಟಷ್ಟೇ ದೊಡ್ಡವರಾಗಿ ಬಂದರು. ಹುಡುಗರಿಗೆ ಮೀಸೆ ಬಂದಮೇಲೂ ನಮ್ಮೂರಿಗೆ ಅದು ಮೂರು ಮಕ್ಕಳ ಸಿನಿಮಾನೇ.

ಮೊದಲ ಭಾಗ ಬಂದಾಗ ನನ್ನ ಮಗಳು ಮೂರನೇ ಕ್ಲಾಸು. ಶಾಲೆ ಬಿಟ್ಟವಳು ನೇರ ಥಿಯೇಟರಿಗೆ ಬಂದು ಮುಂದಿನ ಸಾಲಿನಲ್ಲಿ ಕೂತಳು. ಮನೆಗೆ ಹೋದಮೇಲೆ ನನಗೂ ನನ್ನ ಅತ್ತೆಗೂ ಕತೆ ಹೇಳಿದಳು. ಅತ್ತೆ ಉಮ್ಮತ್ತೂರಿನವರು, ಮೊಮ್ಮಗಳು ಹುಟ್ಟಿದಾಗಿನಿಂದ ನಮ್ಮ ಜೊತೆಗೇ ಇದ್ದಾರೆ. ಕತೆ ಸಿನಿಮಾಗಿಂತ ಉದ್ದ ಇತ್ತು. ಹಾಸಿಗೆ ಮೇಲೆ ಹತ್ತಿದಳು, ಇಳಿದಳು, ಲೋಟ ಬೀಳಿಸಿದಳು.

"ಆಮೇಲೆ ಆನೆ ಬತ್ತದ ಕಣವ್ವ! ಮೂರು ಜನವೂ ಓಡೋಯ್ತರ. ನಾಕ್ನೇ ಹುಡುಗಿ ಒಬ್ಳೇ ನಿಂತ್ಕಂಡು, 'ಓಗಪ್ಪಾ ಸ್ವಾಮಿ, ನಿನ್ ಕಾಡ್ಗೆ ನೀನು ಓಗು' ಅಂತಾಳ. ಆನೆ ಓಯ್ತದ!"

"ಅಯ್ಯೋ ನನ್ ಕಂದ!" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಗೇಟಿನಲ್ಲಿ ನನ್ನನ್ನು ಹಿಡಿಯುವವರಿಲ್ಲ. ಟಿಕೆಟ್ ಹರಿದು ಕೊಡುವಾಗ ಒಬ್ಬೊಬ್ಬರಿಗೂ, "ನಾಕ್ನೇ ಮಗೂನ ನೋಡಿ ಅಕ್ಕಾ, ಆನೆ ಬಂದಾಗ ಒಂಚೂರೂ ಎದ್ರಾದಿಲ್ಲ" ಎಂದು ಹೇಳಿ ಕಳಿಸಿದೆ. ಸಿನಿಮಾ ಬಿಟ್ಟಮೇಲೆ ಹೆಂಗಸರೆಲ್ಲ ನನ್ನನ್ನು ಸುತ್ತುಹಾಕಿದರು.

"ಏನಮ್ಮಿ, ನಾಕ್ನೇ ಮಗು ಎಲ್ಲದ?"

"ಆನೆ ಎಲ್ಲದ? ಇಡೀ ಸಿನಿಮಾದಲ್ಲಿ ಒಂದು ನಾಯಿಮರಿ ಕಳ್ದೋಗದ, ಅಷ್ಟೆ!"

ಮಗಳು ಹೇಳಿದ ಕತೆಯಲ್ಲಿ ನಾಲ್ಕನೆಯ ಹುಡುಗಿಗೆ ಅವಳದೇ ಹೆಸರಿತ್ತು ಎಂದು ಆಗ ನನಗೆ ನೆನಪಾಯಿತು. ಗಲಾಟೆ ಕೇಳಿ ಮಾಲೀಕರು ಹೊರಗೆ ಬಂದರು. ವಿಷಯ ತಿಳಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರಿ ಕಣಮ್ಮ. ನಾಳೆಯಿಂದ ನಾಕ್ನೇ ಮಗೂನ ದಿನಾ ಗೇಟ್‌ಗೆ ಕರ್ಕಂಡ್ ಬಂದ್ಬುಡು. ಆನೆ ನಾನು ತರ್ತೀನಿ" ಎಂದರು.

ಓಡಿದವನು ಯಾರು?

ಎರಡನೆಯ ಭಾಗದ ಹೊತ್ತಿಗೆ ನಮ್ಮ ಥಿಯೇಟರಿಗೆ ಹೊಸ ಪರದೆ ಹಾಕಿಸುತ್ತಿದ್ದರು. ಮಾಲೀಕರಿಗೆ ಗುಂಡ್ಲುಪೇಟೆಯಲ್ಲೂ ಒಂದು ಥಿಯೇಟರ್ ಇತ್ತು, ಒಂದು ತಿಂಗಳು ನನ್ನನ್ನು ಅಲ್ಲಿಗೆ ಹಾಕಿದರು. ನನ್ನ ತವರು ಅಲ್ಲೇ ಹತ್ತಿರ. ಬೇಸಿಗೆ ರಜೆ ಬೇರೆ, ಮಗಳನ್ನೂ ಕರೆದುಕೊಂಡು ಹೋದೆ. ಅವಳಾಗ ಏಳನೇ ಕ್ಲಾಸು ಮುಗಿಸಿದ್ದಳು. ಸಿನಿಮಾದ ಮೂವರೂ ಹೈಸ್ಕೂಲಿಗೆ ಬಂದಿದ್ದರು.

ಮಗಳು ಈ ಸಲ ಅರ್ಧ ಕತೆ ಮಾತ್ರ ಹೇಳಿದಳು. ಲೋಟ ಬೀಳಿಸಲಿಲ್ಲ. "ಇನ್ನರ್ಧ?" ಎಂದರೆ "ಬೇಜಾರು ಕಣವ್ವ" ಎಂದು ಹೊದ್ದು ಮಲಗಿದಳು.

ಒಂದು ಸಂಜೆ ಆಟಕ್ಕೆ ಕೇರಳದ ಸುಲ್ತಾನ್ ಬತ್ತೇರಿ ಕಡೆಯ ಗಂಡ ಹೆಂಡತಿ ಬಂದರು. ಗಂಡ ತೆರಕಣಾಂಬಿಯಲ್ಲಿ ಟೊಮೆಟೊ ತುಂಬಿಕೊಂಡು ಊರಿಗೆ ಹೊರಟವನು, ಹೆಂಡತಿಯ ಆಸೆಗೆ ಗಾಡಿ ನಿಲ್ಲಿಸಿದ್ದ. ಒಂಬತ್ತಕ್ಕೆ ಬಂಡೀಪುರದ ಗೇಟು ಹಾಕಿಬಿಡುತ್ತಾರೆ, ಆಮೇಲೆ ಬೆಳಗಾಗುವ ತನಕ ಕಾಡು ದಾಟುವ ಹಾಗಿಲ್ಲ. ಹಾಗಾಗಿ ಸಿನಿಮಾ ಮುಗಿಯುವ ಮೊದಲೇ ಆಕೆ ಎದ್ದು ಬರಬೇಕಾಯಿತು. ಬಂದವಳು ನೇರ ನನ್ನ ಹತ್ತಿರ ಬಂದಳು.

"ಚೇಚಿ, ಕೊನೆಗೆ ಏನಾಗ್ತದೆ? ಬೇಗ ಹೇಳಿ, ಅವರು ಗಾಡಿ ತೆಗೆದ್ರು."

ಚೇಚಿ ಅಂದರೆ ಅವರ ಕಡೆ ಅಕ್ಕ. ಕೊನೆ ನನ್ನ ಇಲಾಖೆ. ಗತ್ತಿನಿಂದಲೇ ಹೇಳಿದೆ. "ಹುಡುಗಿ ಬಸ್ ಹತ್ತಿ ಊರು ಬುಟ್ಟು ಓಯ್ತಳ. ಗುಂಡ ಬಸ್ ಹಿಂದ ಓಡ್ತಾನ."

"ಗುಂಡನಿಗೆ ಕಾಲು ಮುರಿದಿದೆ ಚೇಚಿ! ಹೇಗೆ ಓಡ್ತಾನೆ?"

ಕಾಲು ಮುರಿದ ಸುದ್ದಿಯೇ ನನಗೆ ಹೊಸದು. ನಾನು ಕಣ್ಣಾರೆ ನೋಡಿದ್ದೇನೆ, ದಪ್ಪಗಿರುವವನು ಓಡುತ್ತಾನೆ. ಆಕೆಯೂ ಕಣ್ಣಾರೆ ನೋಡಿದ್ದಾಳೆ, ಗುಂಡ ಮರದಿಂದ ಬಿದ್ದಿದ್ದಾನೆ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅವಳು ನಡುವಿನ ಕತೆ ಹೇಳಿದಳು, ನಾನು ಕೊನೆ ಹೇಳಿದೆ, ಎರಡೂ ಒಂದಕ್ಕೊಂದು ಕೂಡಲೇ ಇಲ್ಲ. ಆಕೆಯ ಗಂಡ ಹಾರ್ನ್ ಹೊಡೆದ. "ಒಂದು ಮಿನಿಟು!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು.

ಕಡೆಗೆ ಬಗೆಹರಿಯಿತು. ನಾಲ್ಕು ವರ್ಷದಲ್ಲಿ ಗುಂಡ ಎತ್ತರ ಬೆಳೆದು ಸಣಕಲನಾಗಿದ್ದ, ಸಣಕಲ ತಿಂದು ತಿಂದು ಗುಂಡನಾಗಿದ್ದ. ಟಾರ್ಚ್ ಹಿಡಿದು ಮೊದಲ ಹತ್ತು ನಿಮಿಷ ನೋಡಿದವಳಿಗೆ ಇದು ಎಲ್ಲಿಂದ ಗೊತ್ತಾಗಬೇಕು? ಇಷ್ಟು ಬಗೆಹರಿಯುವ ಹೊತ್ತಿಗೆ ಗಂಟೆ ಒಂಬತ್ತಾಗಿತ್ತು, ಕಾಡಿನ ಗೇಟು ಬಿದ್ದಿತ್ತು. ಆಕೆಯ ಗಂಡ ನನ್ನನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನಿನಲ್ಲಿದೆ.

ಅವರು ಗುಂಡ್ಲುಪೇಟೆಯಲ್ಲೇ ಉಳಿದರು. ಬೆಳಗಿನ ಜಾವ ಗೇಟು ತೆಗೆದಮೇಲೂ ಆಕೆ ಹೊರಡಲು ಬಿಡಲಿಲ್ಲವಂತೆ. ಮಾರನೆಯ ದಿನದ ಮೊದಲ ಆಟಕ್ಕೆ ಬಂದು ಪೂರ್ತಿ ನೋಡಿದರು. ಆಕೆ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು ಗುಟ್ಟಿನಲ್ಲಿ ಹೇಳಿದಳು: "ನಾವು ಮೆಟ್ಟಿಲ ಮೇಲೆ ಮಾಡಿದ್ದೇ ಚೆನ್ನಾಗಿತ್ತು ಚೇಚಿ."

ಬಿಸಿಲಿಗೆ ಅವರ ಟೊಮೆಟೊ ಏನಾಯಿತೋ ನಾನು ಕೇಳಲಿಲ್ಲ.

ಹಳೇ ಪೋಸ್ಟರ್

ಮೂರನೆಯ ಭಾಗಕ್ಕೆ ಮತ್ತೆ ಚಾಮರಾಜನಗರ. ಮೂವರೂ ಕಾಲೇಜಿಗೆ ಬಂದಿದ್ದರು. ನನ್ನ ಮಗಳೂ ಆ ವರ್ಷವೇ ಪಿಯುಸಿ ಸೇರಿದ್ದಳು.

ನಮ್ಮ ಮಾಲೀಕರು ಏನನ್ನೂ ಎಸೆಯುವವರಲ್ಲ. ಮೊದಲ ಭಾಗದ ಪೋಸ್ಟರು ಒಂದು ಕಟ್ಟು ಉಳಿದಿತ್ತು. ಮೂರು ಪುಟ್ಟ ಮಕ್ಕಳು, ಹುಡುಗಿಯ ತೊಡೆ ಮೇಲೊಂದು ನಾಯಿಮರಿ. "ಇದೂ ಅದೇ ಸಿನಿಮಾ, ಅವೂ ಅದೇ ಮಕ್ಕಳು" ಎಂದು ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ "೩" ಬರೆಸಿ ಸಂತೆಮರಹಳ್ಳಿಯ ತನಕ ಅಂಟಿಸಿಬಿಟ್ಟರು.

ಶನಿವಾರ ಒಬ್ಬರು ಮಿಸ್ಸು ಆ ಕಡೆಯಿಂದ ಎರಡು ವ್ಯಾನು ತುಂಬ ಮಕ್ಕಳನ್ನು ಕರೆದುಕೊಂಡು ಬಂದರು. ಎಲ್ಲವೂ ಒಂದನೇ ಕ್ಲಾಸು, ಎರಡನೇ ಕ್ಲಾಸಿನವು. ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಸಾಲಾಗಿ ನಿಂತವು.

"ಮಿಸ್, ಆ ಮಕ್ಳು ಈಗ ದೊಡ್ಡವರಾಗ್ಬುಟ್ಟವರ" ಎಂದೆ.

"ದೊಡ್ಡವರಾದ್ರೆ ಒಳ್ಳೇದೇ ಅಲ್ವೇನಮ್ಮ? ನಮ್ಮ ಮಕ್ಕಳಿಗೂ ಮಾದರಿ" ಎಂದು ಮಿಸ್ಸು ಸಾಲನ್ನು ಒಳಗೆ ಬಿಟ್ಟರು.

ನಾನು ಬೋಂಡ ಕರಿಯುತ್ತಿದ್ದೆ. ಪರದೆ ಮೇಲೆ ಹುಡುಗ ಹುಡುಗಿ ಪಾರ್ಕಿನ ಬೆಂಚಿನಲ್ಲಿ ಕೂತು ಒಬ್ಬರ ಮುಖದ ಹತ್ತಿರಕ್ಕೆ ಒಬ್ಬರು ಮುಖ ತರುತ್ತಿದ್ದರಂತೆ. ಮಿಸ್ಸಿಗೆ ದಿಕ್ಕೇ ತೋಚಲಿಲ್ಲ. ಎದ್ದು ನಿಂತು, "ಮಕ್ಕಳೇ, ಎಲ್ಲರೂ ಕಣ್ಣು ಮುಚ್ಚಿ! ಪ್ರಾರ್ಥನೆ!" ಎಂದು ಕೂಗಿದರು. ಮಕ್ಕಳು ದಿನಾ ಬೆಳಿಗ್ಗೆ ಮಾಡುವ ಹಾಗೆ ಎದ್ದು, ಕಣ್ಣು ಮುಚ್ಚಿ, ಒಂದೇ ದನಿಯಲ್ಲಿ ನಾಡಗೀತೆ ಶುರು ಮಾಡಿದವು.

ನಾಡಗೀತೆ ಕಿವಿಗೆ ಬಿದ್ದಮೇಲೆ ಕೂತಿರುವುದು ಹೇಗೆ? ಹಿಂದಿನ ಸಾಲಿನ ತಾತ ಎದ್ದರು. ಅವರನ್ನು ನೋಡಿ ಉಳಿದವರು ಎದ್ದರು. ಬಾಲ್ಕನಿಯ ಮೂಲೆಯಲ್ಲಿದ್ದ ಜೋಡಿಗಳೂ ದೂರ ದೂರ ಸರಿದು ನೆಟ್ಟಗೆ ನಿಂತವು. ಕ್ಯಾಂಟೀನಿನಲ್ಲಿ ನಾನೂ ಜಾಲರಿ ಹಿಡಿದೇ ಅಲುಗಾಡದೆ ನಿಂತೆ, ಎಣ್ಣೆಯಲ್ಲಿ ಬೋಂಡ ಕಪ್ಪಾಯಿತು. ಮೇಲೆ ಆಪರೇಟರ್ ಕೂಡ ಗೌರವಕ್ಕೆಂದು ಸಿನಿಮಾ ನಿಲ್ಲಿಸಿಬಿಟ್ಟ. ಮುಖಕ್ಕೆ ಮುಖ ತಾಗಲು ಇನ್ನು ಎರಡು ಬೆರಳು ಬಾಕಿ, ಅಲ್ಲಿಗೇ ನಿಂತುಹೋಯಿತು. ಅದರ ಎದುರಿಗೆ ಇಡೀ ಥಿಯೇಟರು ಎದೆ ಸೆಟೆಸಿಕೊಂಡು ನಿಂತಿತ್ತು.

ಹಾಡು ಮುಗಿಯಿತು. ಒಂದನೇ ಕ್ಲಾಸಿನ ಒಂದು ಮಗು ಒಂದೇ ಕಣ್ಣು ತೆಗೆದು ಪರದೆ ನೋಡಿ, ಗಟ್ಟಿಯಾಗಿ ದೂರು ಹೇಳಿತು: "ಮಿಸ್, ಎಲ್ರೂ ಎದ್ದವರ, ಅವರಿಬ್ರು ಮಾತ್ರ ಕೂತೇ ಅವರ!"

ಏನೂ ಇಲ್ಲ ಕಣವ್ವ

ಅದೇ ಮೂರನೆಯ ಭಾಗವನ್ನು ನನ್ನ ಮಗಳು ಗೆಳತಿಯರ ಜೊತೆ ನೋಡಿದಳು. ಗೇಟಿನಲ್ಲಿ ನನ್ನ ಕೈಗೆ ಟಿಕೆಟ್ ಕೊಟ್ಟಳು, ನಾನು ಹರಿದೆ, ಯಾರೋ ಬೇರೆಯವಳ ಹಾಗೆ ಒಳಗೆ ಹೋದಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ಮಧ್ಯದಲ್ಲಿ ಏನಾಯ್ತಮ್ಮಿ?"

"ಏನೂ ಇಲ್ಲ ಕಣವ್ವ."

ಏನೂ ಇಲ್ಲದೆ ಹೇಗಾಗುತ್ತದೆ? ಮೊದಲ ಹತ್ತು ನಿಮಿಷದಲ್ಲಿ ಆ ಹುಡುಗಿ ಎರಡು ಜಡೆ ಹಾಕಿಕೊಂಡು ನಗುತ್ತಾ ಕಾಲೇಜಿಗೆ ಹೋಗುತ್ತಾಳೆ. ಕೊನೆಯ ಐದು ನಿಮಿಷದಲ್ಲಿ ಕೂದಲು ಕತ್ತರಿಸಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತಾಳೆ. ನಡುವೆ ಏನೂ ಆಗಿಲ್ಲವೆಂದರೆ ನಂಬುವವಳು ನಾನಲ್ಲ. ಮಿಸ್ಸನ್ನು ಕೇಳಿದೆ, ಅವರು ಮಕ್ಕಳ ಕಣ್ಣು ಮುಚ್ಚಿಸುವುದರಲ್ಲೇ ಇದ್ದರಂತೆ. ಆಪರೇಟರನ್ನು ಕೇಳಿದೆ, "ಅಕ್ಕಾ, ನಾನು ಮಿಷನ್ ನೋಡ್ತೀನಿ, ಸಿನಿಮಾ ನೋಡಲ್ಲ" ಎಂದ.

ಕಡೆಗೆ ಅತ್ತೆಯನ್ನೇ ಒಂದು ಮಧ್ಯಾಹ್ನ ಕೂರಿಸಿ ಬಂದೆ. ಅತ್ತೆ ಕಣ್ಣೊರೆಸಿಕೊಂಡು ಹೊರಗೆ ಬಂದರು.

"ಏನಾಯ್ತತ್ತೆ?"

"ಆ ಮಗು ಸತ್ತೋಗದ ಕಣಮ್ಮಿ."

"ಯಾವ ಮಗು?"

"ನಾಯಿಮರಿ ಎತ್ಕಂಡಿತ್ತಲ್ಲ, ಆ ಮಗು. ಯಾರೂ ಬಾಯ್ ಬುಟ್ಟು ಯೋಳಾದಿಲ್ಲ. ಅದರ ಹೆಸ್ರು ಮಡಿಕ್ಕಂಡು ಇನ್ಯಾವಳೋ ಉದ್ದದವಳು ತಿರುಗ್ತಾವಳ."

ಅದೇ ಮಗು ದೊಡ್ಡದಾಗಿದೆ ಎಂದು ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. "ಇವಳ ಕಣ್ಣೇ ಬ್ಯಾರೆ" ಎಂದರು. ಆ ದಿನ ಸಂಜೆ ದೇವರ ಮುಂದೆ ಆ ಮಗುವಿಗೆಂದು ಒಂದು ದೀಪವನ್ನೂ ಹಚ್ಚಿದರು.

ನನಗೆ ನಗು ಬಂತು. ಆದರೆ ಅಲ್ಲೇ ಕೂತು ಮೊಬೈಲು ತಿರುವುತ್ತಿದ್ದ ಮಗಳನ್ನು ನೋಡಿದಾಗ ಆ ನಗು ಅಲ್ಲೇ ನಿಂತಿತು. ಬೆಳಿಗ್ಗೆ ಹೋಗುವಾಗ ಅವಳನ್ನು ನೋಡುತ್ತೇನೆ, ಸಂಜೆ ಬಂದಾಗ ನೋಡುತ್ತೇನೆ. ನಡುವೆ ಏನು ನಡೆಯುತ್ತದೆ, ಯಾರ ಜೊತೆ ನಗುತ್ತಾಳೆ, ಯಾವುದಕ್ಕೆ ಅಳುತ್ತಾಳೆ, ಒಂದೂ ನನಗೆ ಗೊತ್ತಿಲ್ಲ. ಮೊದಲು ಬೇಡವೆಂದರೂ ಹೇಳುತ್ತಿದ್ದಳು. ಈಗ ಕೇಳಿದರೂ ಇಲ್ಲ. ನಿಜ ಹೇಳುತ್ತೇನೆ, ನನಗೆ ಬಹಳ ಸಂಕಟ ಆಗುತ್ತಿತ್ತು. ಆ ಸಂಕಟ ಅತ್ತೆಗೂ ಇತ್ತೋ ಏನೋ. ದೀಪಕ್ಕೆ ಎಣ್ಣೆ ಹಾಕುತ್ತಾ ಮೊಮ್ಮಗಳ ಕಡೆಗೊಮ್ಮೆ ನೋಡಿ, "ಇವಳ ಕಣ್ಣೂ ಯಾಕೋ ಬ್ಯಾರೆ ಆಗದ ಕಣಮ್ಮಿ" ಎಂದರು.

ಬಾಳೆಹಣ್ಣು, ಸಕ್ಕರೆ

ಕೊನೆಯ ಭಾಗ ಬಂದಿದ್ದು ಈಗ ಮೊನ್ನೆ ಮೊನ್ನೆ. ಮೂವರ ಓದೂ ಮುಗಿದಿತ್ತು. ನನ್ನ ಮಗಳದೂ ಡಿಗ್ರಿ ಮುಗಿದಿತ್ತು. ಅವಳು ಬಿ.ಎಡ್ ಮಾಡಿ ಟೀಚರ್ ಆಗುತ್ತಾಳೆ ಎಂದು ಗೇಟಿಗೆ ಬರುವ ಹೆಂಗಸರಿಗೆಲ್ಲ ಹೇಳಿಕೊಂಡು ಎರಡು ವರ್ಷವಾಗಿತ್ತು. ಅವಳಿಗೆ ಉಡಿಸಲು ಎರಡು ಕಾಟನ್ ಸೀರೆಯನ್ನೂ ತೆಗೆದಿಟ್ಟಿದ್ದೆ. ಅವಳು ಹೂಂ ಅನ್ನುತ್ತಲೂ ಇರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. ಬೆಳಿಗ್ಗೆ ಎದ್ದು ಶೂ ಹಾಕಿಕೊಂಡು ಓಡಲು ಹೋಗುತ್ತಿದ್ದಳು. "ಸಣ್ಣಗಾಗಕ್ಕೆ" ಅನ್ನುತ್ತಿದ್ದಳು. ಇರುವುದೇ ಕಡ್ಡಿಯ ಹಾಗೆ, ಇನ್ನೇನು ಸಣ್ಣಗಾಗುತ್ತಾಳೋ ಎಂದುಕೊಂಡು ಸುಮ್ಮನಿದ್ದೆ.

ಒಂದು ದಿನ ಅವಳೇ ಥಿಯೇಟರಿಗೆ ಬಂದಳು. ಮಾಲೀಕರ ಹತ್ತಿರ ಮೊದಲೇ ಮಾತಾಡಿದ್ದಳು.

"ಅವ್ವ, ಇವತ್ತು ಗೇಟು ನಾನು ನೋಡ್ಕತೀನಿ. ಬೋಂಡನೂ ನಾನೇ ಕರೀತೀನಿ. ಒಳಗೋಗಿ ಕೂತ್ಕೊ. ಇದೊಂದನ್ನಾದ್ರೂ ಮಧ್ಯ ಬುಡ್ದಂಗೆ ನೋಡು."

ನನ್ನ ಟಿಕೆಟನ್ನು ನನ್ನ ಮಗಳು ಹರಿದಳು. ಬಾಲ್ಕನಿಯಲ್ಲಿ ಮೆತ್ತನೆಯ ಸೀಟು. ತಲೆ ಮೇಲೆ ಫ್ಯಾನು. ಇಷ್ಟು ವರ್ಷದಲ್ಲಿ ಆ ಸೀಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಮೊದಲ ಹತ್ತು ನಿಮಿಷ ಚೆನ್ನಾಗಿ ನೋಡಿದೆ. ಆ ಹುಡುಗಿ ಅವರವ್ವನ ಹತ್ತಿರ ಏನೋ ಹೇಳಲು ಬಂದು, ಹೇಳದೆ ಹೊರಟುಹೋಗುತ್ತಾಳೆ. ಅಲ್ಲಿಗೆ ನನ್ನ ಕಣ್ಣು ಎಳೆಯಿತು. ಯಾರೋ ಭುಜ ಅಲ್ಲಾಡಿಸಿದಾಗ ಕಣ್ಣು ಬಿಟ್ಟರೆ ಪರದೆ ಮೇಲೆ ಅವ್ವ ಮಗಳು ತಬ್ಬಿಕೊಂಡು ಅಳುತ್ತಿದ್ದಾರೆ. ಕೊನೆಯ ಐದು ನಿಮಿಷ. ದೇವರಾಣೆ, ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ.

ಮಗಳು ಬಿದ್ದು ಬಿದ್ದು ನಕ್ಕಳು. ಮನೆಗೆ ಹೋದಮೇಲೆ ನನಗೆ ನಾಚಿಕೆ, ಅದರ ಮೇಲೆ ಕುತೂಹಲ. "ಇದೊಂದ್ ಸತಿ ಯೋಳಮ್ಮಿ, ಮಧ್ಯದಲ್ಲಿ ಏನಾಯ್ತು?"

ಇಷ್ಟು ವರ್ಷದ ಮೇಲೆ ಅವಳು ಹಾಸಿಗೆ ಮೇಲೆ ಕಾಲು ಮಡಿಸಿ ಕೂತು ಕತೆ ಶುರು ಮಾಡಿದಳು. ಅತ್ತೆಯೂ ಹತ್ತಿರ ಸರಿದು ಕೂತರು.

"ಆ ಹುಡುಗಿ ಅವರವ್ವಂಗೆ ಯೋಳ್ದೆ ಫಾರೆಸ್ಟ್ ಗಾರ್ಡ್ ಕೆಲ್ಸಕ್ಕೆ ಅರ್ಜಿ ಹಾಕ್ಬುಡ್ತಾಳ ಕಣವ್ವ. ಎಲ್ಲಾ ಪರೀಕ್ಷೆನೂ ಪಾಸಾಗ್ತಾಳ. ಕೆಲ್ಸನೂ ಸಿಕ್ಬುಡ್ತದ. ಆದ್ರ ಮನೆಗೆ ಬಂದು ಅವ್ವಂಗೆ ಯೋಳಕ್ಕೇ ಬಾಯಿ ಬರಾದಿಲ್ಲ."

"ಯಾಕ? ಅವಳೇನು ಕದ್ದಿದ್ದಾಳಾ?"

"ಅವರವ್ವ ಮಗಳು ಟೀಚರ್ ಆಗ್ಲಿ ಅಂತ ಆಸೆ ಮಡಿಕ್ಕಂಡವಳ."

ನನಗೆ ಆ ಅವ್ವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಆಸೆ ಮಡಿಕ್ಕಂಡ್ರ ಮಡಿಕ್ಕಳ್ಲಿ, ಅದ್ಕ ಮಗಳೇನ್ ಮಾಡ್ಬೇಕು? ಬದುಕೋಳು ಅವಳೋ ಇವಳೋ? ಗೌರ್ಮೆಂಟ್ ಕೆಲ್ಸ ಸಿಕ್ಕದ, ಅದೂ ಯಾರ ಕೈಕಾಲೂ ಹಿಡೀದೆ! ಎಂಥಾ ಹೆಂಗಸಿರಬೇಕು ಆ ಅವ್ವ! ನಾನಾಗಿದ್ರ ಬೀದಿಗೆಲ್ಲ ಬಾಳೆಹಣ್ಣು ಸಕ್ಕರೆ ಹಂಚ್ತಿದ್ದೆ."

"ನಿಜವಾಗ್ಲೂ ಹಂಚ್ತಿದ್ಯಾವ್ವ?"

"ಅಜ್ಜಿ ತಲೆ ಮೇಲೆ ಕೈ ಮಡಗಿ ಯೋಳ್ತೀನಿ" ಎಂದು ಅತ್ತೆಯ ತಲೆ ಮೇಲೆ ಕೈ ಇಟ್ಟೇಬಿಟ್ಟೆ. ಮಗಳು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ನಿದ್ದೆ ಹೋದದ್ದಕ್ಕೆ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡೆ.

ಮಾರನೆಯ ದಿನ ಗೇಟಿನಲ್ಲಿ ನನ್ನ ಉತ್ಸಾಹ ಕೇಳಬೇಡಿ. ಒಬ್ಬೊಬ್ಬರಿಗೂ ಟಿಕೆಟ್ ಹರಿದು ಕೊಡುತ್ತಾ, "ಹುಡುಗಿ ಫಾರೆಸ್ಟ್ ಗಾರ್ಡ್ ಆಗ್ತಾಳ ಅಕ್ಕಾ, ಆ ಅವ್ವ ಅನ್ನಿಸಿಕೊಂಡವಳಿಗೆ ಚೆನ್ನಾಗಿ ಬಯ್ಕಳಿ" ಎಂದು ಹೇಳಿ ಕಳಿಸಿದೆ. ಆಟ ಬಿಟ್ಟಿತು. ಹೆಂಗಸರು ಬಂದು ಸುತ್ತುಹಾಕಿದರು.

"ಏನಮ್ಮಿ, ಫಾರೆಸ್ಟ್ ಗಾರ್ಡ್ ಎಲ್ಲದ? ಆ ಹುಡುಗಿ ಕೇಕ್ ಅಂಗಡಿ ಹಾಕ್ತಾಳ!"

"ಆ ಅವ್ವ ಪಾಪ ಏನ್ ಮಾಡಿದ್ಲು? ಅವಳೇ ಒಡವೆ ಅಡ ಮಡಗಿ ಅಂಗಡಿ ಹಾಕ್ಕೊಡ್ತಾಳ!"

"ಕಾಡೇ ಇಲ್ಲ ಸಿನಿಮಾದಲ್ಲಿ!"

ಗಲಾಟೆ ಕೇಳಿ ಮಾಲೀಕರು ಹೊರಗೆ ಬಂದರು. ಅವರ ತಲೆ ಈಗ ಪೂರ್ತಿ ಬೆಳ್ಳಗಾಗಿದೆ. ಎಲ್ಲ ಕೇಳಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮ, ನಾಕ್ನೇ ಮಗು ತಿರ್ಗ ಬಂತಾ?" ಎಂದರು.

ಆಗ ಹೊಳೆಯಿತು. ಓಟ ಹೊಳೆಯಿತು, ಶೂ ಹೊಳೆಯಿತು, ಆ ತಬ್ಬುಗೆ ಹೊಳೆಯಿತು. ಅತ್ತೆಯ ತಲೆ ಮೇಲೆ ನಾನಿಟ್ಟ ಕೈಯೂ ಹೊಳೆಯಿತು. ಆಟಕ್ಕೆ ಬಂದ ಊರ ಹೆಂಗಸರಿಗೆಲ್ಲ ನನ್ನನ್ನೇ ಬಯ್ಯಿರಿ ಎಂದು ಹೇಳಿ ಕಳಿಸಿದ್ದೆ. ಸಿಟ್ಟು ಮಾಡಿಕೊಳ್ಳಬೇಕೋ, ನಗಬೇಕೋ, ಅಳಬೇಕೋ ಗೊತ್ತಾಗದೆ ಹರಿದ ಟಿಕೆಟನ್ನೇ ಮತ್ತೆ ಹರಿಯುತ್ತಾ ನಿಂತೆ. ಆಮೇಲೆ ಮನೆಗೆ ಫೋನ್ ಮಾಡಿದೆ.

"ಅಮ್ಮಿ, ಆ ಮಧ್ಯದ ಕತೆ ಇನ್ನೊಂದ್ ಸತಿ ಯೋಳು."

ಆ ಕಡೆಯಿಂದ ಸಣ್ಣ ದನಿ ಬಂತು. "ಬಾಳೆಹಣ್ಣು ಸಕ್ಕರೆ ತಂದು ಮಡಗಿವ್ನಿ ಕಣವ್ವ."

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಅವಳ ಕೈಯಿಂದ ಫೋನ್ ಕಿತ್ತುಕೊಂಡರು. ಅವರ ದನಿ ಗೇಟಿನಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಜೋರಾಗಿತ್ತು.

"ಆ ಮಗು ಸತ್ತಿರ್ನಿಲ್ಲ ಕಣಮ್ಮಿ! ಬಂಡೀಪುರದಲ್ಲಿ ಕೆಲ್ಸ ಸಿಕ್ಕದಂತ!"